ಇಲಿ ಭ್ರೂಣದ ಮಿದುಳಿನ ಬ್ಲಾಟ್: ಮ್ಯಾಪ್2 ಬ್ಯಾಂಡ್ 70ರಲ್ಲಿ ಬರುತ್ತಿದೆ, ಮಾಡಿದವರು ಹೇಳಿ

ಕೇಳಿದ್ದು: 14 ದಿನದ ಭ್ರೂಣ, ಆಗಷ್ಟೇ ಹುಟ್ಟಿದ ಮರಿ, ಬೆಳೆದ ಇಲಿ, ಮೂರರ ಕಾರ್ಟೆಕ್ಸನ್ನೂ (ಮಿದುಳಿನ ಹೊರಪದರ) ಒಂದೇ ಜೆಲ್‌ನಲ್ಲಿ ಓಡಿಸಿ ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಮಾಡುತ್ತಿದ್ದೇನೆ. ಬೆಳೆದ ಇಲಿಯಲ್ಲಿ ಮ್ಯಾಪ್2 (ನರಕೋಶದೊಳಗಿನ ಮೈಕ್ರೋಟ್ಯೂಬ್ಯೂಲ್ ಎಂಬ ಸಣ್ಣ ಕೊಳವೆಗಳಿಗೆ ಅಂಟುವ ಪ್ರೋಟೀನ್) ಸುಮಾರು 280 ಕಿಲೋಡಾಲ್ಟನ್‌ನಲ್ಲಿ (ಪ್ರೋಟೀನಿನ ತೂಕದ ಅಳತೆ) ಸರಿಯಾಗಿ ಬರುತ್ತದೆ. ಮರಿಯಲ್ಲಿ 70ರ ಹತ್ತಿರ ದಪ್ಪ ಬ್ಯಾಂಡ್. ಭ್ರೂಣದಲ್ಲಿ ನ್ಯೂರೋಫಿಲಮೆಂಟ್ ಹೆವಿ (ನರಕೋಶದೊಳಗಿನ ಎಳೆಗಳ ಪ್ರೋಟೀನುಗಳಲ್ಲಿ ದೊಡ್ಡದು) ಕಾಣುವುದೇ ಇಲ್ಲ. ಪ್ರೋಟೀನ್ ಒಡೆದಿದೆಯಾ? ಆಂಟಿಬಾಡಿ ಬದಲಿಸಲಾ?

ಉತ್ತರ 1: ಆಂಟಿಬಾಡಿ ಬಿಸಾಡಬೇಡಿ. 70ರ ಬ್ಯಾಂಡ್ ಬಹುಮಟ್ಟಿಗೆ ಮ್ಯಾಪ್2ಸಿ, ಎಳೆಯ ಮಿದುಳಿನ ರೂಪ. ಜೀನ್ ಒಂದೇ. ಸ್ಪ್ಲೈಸಿಂಗ್‌ನಲ್ಲಿ (ಜೀನಿನ ಆರ್‌ಎನ್‌ಎ ನಕಲನ್ನು ಕತ್ತರಿಸಿ ಜೋಡಿಸುವಾಗ) ನಡುವಿನ ಉದ್ದನೆಯ ಭಾಗ ಬಿಟ್ಟುಹೋಗಿ, ಮೈಕ್ರೋಟ್ಯೂಬ್ಯೂಲ್ ಹಿಡಿಯುವ ತುದಿ ಉಳಿದಿರುತ್ತದೆ. ಪ್ರೋಟೀನ್ ಒಡೆದಿದ್ದರೆ ಸಾಮಾನ್ಯವಾಗಿ 280ರಿಂದ ಕೆಳಗಿನವರೆಗೂ ಸವರಿದ ಹಾಗೆ ಕಾಣುತ್ತದೆ, ಹೀಗೆ ಒಂದೇ ಕಡೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಎಪಿಟೋಪ್ (ಆಂಟಿಬಾಡಿ ಹಿಡಿಯುವ ಜಾಗ) ಆ ನಡುಭಾಗದಲ್ಲಿರುವ ಆಂಟಿಬಾಡಿಗಳಿಗೆ ಮ್ಯಾಪ್2ಸಿ ಸಿಗುವುದೇ ಇಲ್ಲ. ನಿಮ್ಮದಕ್ಕೆ ಎರಡೂ ಸಿಗುತ್ತಿವೆ, ಜೋಪಾನ ಮಾಡಿಕೊಳ್ಳಿ. ಗ್ರೇಡಿಯಂಟ್ ಜೆಲ್ (ಮೇಲಿನಿಂದ ಕೆಳಕ್ಕೆ ಸಾಂದ್ರತೆ ಏರುವ ಜೆಲ್) ಬಳಸಿದರೆ ಎರಡೂ ಚೆನ್ನಾಗಿ ಬಿಡಿಸಿಕೊಳ್ಳುತ್ತವೆ.

ಇನ್ನು ನ್ಯೂರೋಫಿಲಮೆಂಟ್ ಹೆವಿ ತಡವಾಗಿ ಬರುವಂಥದ್ದು. ಅದೇ ಗುಂಪಿನಲ್ಲಿ ಮೊದಲು ಆಲ್ಫಾ-ಇಂಟರ್ನೆಕ್ಸಿನ್, ಆಮೇಲೆ ನ್ಯೂರೋಫಿಲಮೆಂಟ್ ಲೈಟ್ ಮತ್ತು ಮೀಡಿಯಂ ಏರುತ್ತವೆ. ಹೆವಿ ಜೋರಾಗುವುದು ಹುಟ್ಟಿದ ಮೇಲೆಯೇ. 14ನೇ ದಿನಕ್ಕೆ ನರಕೋಶ ತೋರಿಸಬೇಕಿದ್ದರೆ ಬೀಟಾ-3 ಟ್ಯೂಬ್ಯುಲಿನ್, ವಲಸೆ ಹೊರಟವಕ್ಕೆ ಡಬಲ್‌ಕಾರ್ಟಿನ್, ಇನ್ನೂ ವಿಭಜನೆಯಾಗುತ್ತಿರುವವಕ್ಕೆ ನೆಸ್ಟಿನ್. ಜಿಎಫ್‌ಎಪಿ (ಗ್ಲಿಯಾ ಕೋಶಗಳ ಗುರುತಿನ ಪ್ರೋಟೀನ್) ಹಿಡಿದು ರೇಡಿಯಲ್ ಗ್ಲಿಯಾ (ಭ್ರೂಣದಲ್ಲಿ ನರಕೋಶಗಳನ್ನು ಹುಟ್ಟಿಸುವ ಕೋಶಗಳು) ಹುಡುಕಬೇಡಿ. ಮನುಷ್ಯ, ಕೋತಿಗಳಲ್ಲಿ ಅದು ಸಿಗುತ್ತದೆ, ಇಲಿ ಭ್ರೂಣದಲ್ಲಿ ವಿಮೆಂಟಿನ್ ನೋಡಿ. ಬೆಳೆದ ಮಿದುಳಿನ ಪಟ್ಟಿಯನ್ನು ಭ್ರೂಣಕ್ಕೆ ಹಚ್ಚಿ ಒಳ್ಳೆಯ ಡೇಟಾ ಕಸದಬುಟ್ಟಿಗೆ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಉತ್ತರ 2: ಲೋಡಿಂಗ್ ಕಂಟ್ರೋಲ್ (ಎಲ್ಲ ಲೇನಿಗೂ ಸಮನಾಗಿ ಪ್ರೋಟೀನ್ ಹಾಕಿದ್ದೀರೆಂದು ತೋರಿಸುವ ಹೋಲಿಕೆ) ಯಾವುದು? ಆಕ್ಟಿನ್, ಟ್ಯೂಬ್ಯುಲಿನ್ ಆಗಿದ್ದರೆ ಬಿಟ್ಟುಬಿಡಿ. ಅವೂ ಕೋಶದ ಕಟ್ಟಡದ ಪ್ರೋಟೀನುಗಳೇ, ವಯಸ್ಸಿನ ಜತೆ ಅವುಗಳ ಪ್ರಮಾಣವೂ ಬದಲಾಗುತ್ತದೆ. ಮೆಂಬ್ರೇನ್ ಮೇಲೆ ಒಟ್ಟು ಪ್ರೋಟೀನಿನ ಬಣ್ಣ ಹಾಕಿ ಅಳೆಯಿರಿ.

ಉತ್ತರ 3: ಮೇಲಿನವರು ಹೇಳಿದ್ದೆಲ್ಲ ಸರಿ. ಮುಂದೆ ಟೌ (ಮೈಕ್ರೋಟ್ಯೂಬ್ಯೂಲಿಗೆ ಅಂಟುವ ಇನ್ನೊಂದು ಪ್ರೋಟೀನ್) ಕೂಡ ನೋಡುವುದಿದ್ದರೆ ಒಂದು ಮಾತು. ಮರಿಗಳಿಗೆ ಮಂಜುಗಡ್ಡೆಯ ಮೇಲಿಟ್ಟು ಅರಿವಳಿಕೆ ಕೊಡುವ ರೂಢಿಯಿದೆ. ಮೈ ತಣ್ಣಗಾದರೆ ಫಾಸ್ಫಟೇಸ್ (ಫಾಸ್ಫೇಟ್ ಕಳಚುವ ಕಿಣ್ವ) ಮಂದವಾಗಿ ಟೌ ಮೇಲೆ ಫಾಸ್ಫೇಟ್ ಏರುತ್ತದೆ. ಭ್ರೂಣದ ಟೌ ಮೊದಲೇ ಹೆಚ್ಚು ಫಾಸ್ಫೇಟ್ ಹೊತ್ತಿರುವುದರಿಂದ ಯಾವುದು ಬೆಳವಣಿಗೆಯದು, ಯಾವುದು ಚಳಿಯದು ಎಂದು ಬಿಡಿಸಲಾಗದು. ಮಿದುಳು ತೆಗೆದ ಕೂಡಲೇ ಫಾಸ್ಫಟೇಸ್ ಇನ್ಹಿಬಿಟರ್ (ಆ ಕಿಣ್ವವನ್ನು ತಡೆಯುವ ವಸ್ತು) ಇರುವ ಬಫರಿಗೆ ಹಾಕಿ. ಇನ್ನೊಂದು, ಭ್ರೂಣದಲ್ಲಿ ಮೂರು ರಿಪೀಟಿನ (ಮೈಕ್ರೋಟ್ಯೂಬ್ಯೂಲ್ ಹಿಡಿಯುವ, ಮರುಕಳಿಸುವ ತುಣುಕು) ಚಿಕ್ಕ ಟೌ, ಬೆಳೆದ ಇಲಿಯಲ್ಲಿ ನಾಲ್ಕು ರಿಪೀಟಿನವು. ಬ್ಯಾಂಡ್ ಸರಿದದ್ದು ರಿಪೀಟಿನಿಂದಲೋ ಫಾಸ್ಫೇಟಿನಿಂದಲೋ ತಿಳಿಯಬೇಕಾದರೆ ಇನ್ಹಿಬಿಟರ್ ಹಾಕದ ಸ್ವಲ್ಪ ಸ್ಯಾಂಪಲ್ಲಿಗೆ ಲ್ಯಾಂಬ್ಡಾ ಫಾಸ್ಫಟೇಸ್ ಕೊಟ್ಟು ಪಕ್ಕದ ಲೇನಿನಲ್ಲಿ ಓಡಿಸಿ.