ಬಿಸಿಗೆ ಗಟ್ಟಿಯಾಗುವ ಜೆಲ್: ಯಾವ ಕ್ರಿಯಾಪದ?

ಗೆಳೆಯರೇ,

ಆರ್ಗನಾಯ್ಡ್‌ಗಳ ಬಗ್ಗೆ, ಅಂದರೆ ಕಾಂಡಕೋಶಗಳಿಂದ ಪ್ರಯೋಗಾಲಯದಲ್ಲಿ ಬೆಳೆಸುವ ಪುಟ್ಟ ಅಂಗಮಾದರಿಗಳ ಬಗ್ಗೆ, ಒಂದು ಲೇಖನ ಬರೆಯುತ್ತಿದ್ದೇನೆ. ನಾಮಪದಗಳಲ್ಲಿ ಹೆಚ್ಚು ತಕರಾರಿಲ್ಲ. ಅವು ಬೆಳೆಯುವ ಹೈಡ್ರೋಜೆಲ್ ಅನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ‘ಜಲಲೋಳೆ’ ನನಗೆ ಒಗ್ಗಲಿಲ್ಲ. ಲೋಳೆ ಹರಿಯುತ್ತದೆ, ಜಾರುತ್ತದೆ. ಇದು ಮೈತುಂಬ ನೀರು ಹಿಡಿದುಕೊಂಡೂ ಆಕಾರ ಬಿಡದ ಪಾಲಿಮರ್ ಬಲೆ. ಮೆದುವಾದ ಕಾಂಟ್ಯಾಕ್ಟ್ ಲೆನ್ಸ್ ಕೂಡ ಹೈಡ್ರೋಜೆಲ್ಲೇ.

ಸಿಕ್ಕಿಕೊಂಡಿರುವುದು ಕ್ರಿಯಾಪದದಲ್ಲಿ. 2009ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರಾದ ಸಾಟೊ, ಕ್ಲೆವರ್ಸ್ ಮತ್ತು ಸಂಗಡಿಗರು ಇಲಿಯ ಕರುಳಿನ ಒಂದೊಂದೇ ಕಾಂಡಕೋಶದಿಂದ ಕಿರುಗರುಳು ಬೆಳೆಸಿದ್ದು ಮ್ಯಾಟ್ರಿಜೆಲ್ ಎಂಬ ಜೆಲ್ಲಿನೊಳಗೆ. ಇಲಿಯ ಕ್ಯಾನ್ಸರ್ ಗಡ್ಡೆಯೊಂದರಿಂದ ತೆಗೆದ, ಲ್ಯಾಮಿನಿನ್ ಎಂಬ ಪ್ರೋಟೀನ್ ಹೇರಳವಾಗಿರುವ ವಸ್ತು ಅದು. 4 ಡಿಗ್ರಿಯಲ್ಲಿ ದ್ರವ, 37 ಡಿಗ್ರಿಗೆ ತಂದರೆ ಗಟ್ಟಿ. ಇದನ್ನು ‘ಹೆಪ್ಪುಗಟ್ಟುತ್ತದೆ’ ಎಂದು ಬರೆದರೆ ಅರ್ಧ ಓದುಗರಿಗೆ ಮಂಜುಗಡ್ಡೆ ಕಾಣುತ್ತದೆ, ಉಳಿದವರಿಗೆ ಮೊಸರು. ‘ಘನೀಭವಿಸುತ್ತದೆ’ ಎಂದರೂ ತಣ್ಣಗಾದದ್ದೇ ಮನಸ್ಸಿಗೆ ಬರುವುದು. ನಮ್ಮಲ್ಲಿ ಬಿಸಿಗೆ ಗಟ್ಟಿಯಾಗುವ ಪದಾರ್ಥ ಇಲ್ಲದೇ ಇಲ್ಲ: ಹಬೆಯಲ್ಲಿಟ್ಟ ಗಿಣ್ಣು ಹಾಗೆಯೇ. ಆದರೆ ಅದಕ್ಕೂ ನಮ್ಮ ಮನೆಯಲ್ಲಿ ‘ಗಟ್ಟಿಯಾಯಿತು’ ಎನ್ನುತ್ತಾರೆಯೇ ಹೊರತು ಬೇರೆ ಮಾತಿಲ್ಲ.

‘ಗಟ್ಟಿ’ಯನ್ನೇ ಬಳಸಿಬಿಡೋಣವೆಂದರೆ ಲೇಖನದ ಮುಂದಿನ ಪ್ಯಾರಾ ಕೆಡುತ್ತದೆ: ಅಲ್ಲಿ ಹೇಳಬೇಕಿರುವುದು ಗಟ್ಟಿಯಾದ ಮೇಲೆ ಜೆಲ್ ಎಷ್ಟು ಬಿಗು ಎಂಬುದನ್ನು. ಮ್ಯಾಟ್ರಿಜೆಲ್‌ನ ಗುಣ ಒಂದೊಂದು ಸಲ ಒಂದೊಂದು ಥರ, ಅದಕ್ಕಾಗಿ ಸಂಶ್ಲೇಷಿತ ಜೆಲ್ಲುಗಳು ಬಂದವು. 2016ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನ ಲುಟೊಲ್ಫ್ ತಂಡ ಪಾಲಿಎಥಿಲೀನ್ ಗ್ಲೈಕಾಲ್ ಜೆಲ್ಲಿನಲ್ಲಿ ತೋರಿಸಿದ್ದು ಇಷ್ಟು: ಕಾಂಡಕೋಶಗಳ ಸಂಖ್ಯೆ ಹೆಚ್ಚಲು ಬಿಗುವಾದ ಜೆಲ್ ಬೇಕು, ಅವು ಕರುಳಿನ ರೂಪ ತಾಳಲು ಜೆಲ್ ಮೆದುವಾಗಬೇಕು. ಆ ‘ಬಿಗು’ ಕೂಡ ಸುಮಾರು 1.3 ಕಿಲೊಪಾಸ್ಕಲ್, ಬೆರಳಿಗೆ ಮೆತ್ತಗೇ. ಹಾಗಾಗಿ ‘ಗಡಸುತನ’ ಪೂರಾ ತಪ್ಪು. ಅದು ಗೀರಿಗೆ ಜಗ್ಗದ ಗುಣ, ಇಲ್ಲಿ ಬೇಕಿರುವುದು ಒತ್ತಿದಾಗ ಬಾಗದ ಗುಣ. ‘ಪೆಡಸು’ ಹತ್ತಿರ ಬರುತ್ತದೆ, ಆದರೆ ನನ್ನ ಕಿವಿಗೆ ಅದರಲ್ಲಿ ಪಟಕ್ಕನೆ ಮುರಿಯುವ ಸದ್ದೂ ಇದೆ. ಸದ್ಯಕ್ಕೆ ‘ಬಿಗುಪು’ ಎಂದು ಬರೆದಿದ್ದೇನೆ.

(ಜೆಲ್ಲನ್ನು ಗಾರೆಯವರ ‘ಸಾರುವೆ’ ಎಂದು ಕರೆಯುವ ಸಲಹೆಯೂ ಬಂತು. ಕಟ್ಟಡ ಮುಗಿದ ಮೇಲೆ ಸಾರುವೆ ಬಿಚ್ಚುವವರು ಆಳುಗಳು. ಇಲ್ಲಿ ಕೋಶಗಳೇ ಕಿಣ್ವ ಸುರಿಸಿ ಸುತ್ತಲಿನದನ್ನು ಕರಗಿಸುತ್ತವೆ. ಆದರೂ ಪದ ಚೆನ್ನಾಗಿದೆ, ಇಟ್ಟುಕೊಳ್ಳುತ್ತೇನೆ.)

ನಿಮ್ಮ ಸೀಮೆಯಲ್ಲಿ ಗಿಣ್ಣು, ಹಾಲುಬಾಯಿ, ರಾಗಿ ಮಣ್ಣಿ ಹದಕ್ಕೆ ಬಂದು ನಿಂತಾಗ ಏನೆನ್ನುತ್ತಾರೆ? ಮಲೆನಾಡು, ಕರಾವಳಿ, ಬಯಲುಸೀಮೆ, ಯಾವ ಕಡೆಯ ಮಾತಾದರೂ ಸರಿ, ಬಿಸಿಗೂ ತಂಪಿಗೂ ಸಲ್ಲುವ ಕ್ರಿಯಾಪದ ಇದ್ದರೆ ತಿಳಿಸಿ.