ಆರ್‌ಎಫ್ ಪುಸ್ತಕದ ಲೆಕ್ಕದಲ್ಲಿ 7.3 ಮೆಗಾಹರ್ಟ್ಸ್, ಬ್ರೆಡ್‌ಬೋರ್ಡಿನಲ್ಲಿ 6.6. ಎಲ್ಲಿ ತಪ್ಪುತ್ತಿದೆ?

ಟ್ಯಾಂಕ್_ಸರ್ಕ್ಯೂಟ್

ಎಲ್ಲರಿಗೂ ನಮಸ್ಕಾರ. ಒಂದು ಪ್ರಾಥಮಿಕ ಆರ್‌ಎಫ್ (ರೇಡಿಯೊ ಫ್ರೀಕ್ವೆನ್ಸಿ) ಡಿಸೈನ್ ಪಠ್ಯಪುಸ್ತಕ ಹಿಡಿದು ಮೊದಲಿಂದ ಓದುತ್ತಿದ್ದೇನೆ. ರೆಸೊನೆನ್ಸ್, ಫಿಲ್ಟರ್, ಇಂಪೀಡೆನ್ಸ್ ಮ್ಯಾಚಿಂಗ್ ಮುಗಿದು ಸಣ್ಣ ಸಿಗ್ನಲ್ ಆಂಪ್ಲಿಫೈಯರ್ ಅಧ್ಯಾಯಕ್ಕೆ ಬಂದಿದ್ದೇನೆ. ಲೆಕ್ಕ ಬಿಡಿಸುವುದು ಕಷ್ಟವಿಲ್ಲ, ಕಟ್ಟಿ ನೋಡಿದರೆ ತಾಳೆಯಾಗುತ್ತಿಲ್ಲ.

ಸರ್ಕ್ಯೂಟ್: 2ಎನ್3904, 12 ವೋಲ್ಟ್ ಸಪ್ಲೈ, ಕಲೆಕ್ಟರ್‌ನಲ್ಲಿ 4.7 ಮೈಕ್ರೋಹೆನ್ರಿ ಚೋಕ್ (ರೆಸಿಸ್ಟರ್ ತರಹ ಬಣ್ಣದ ಪಟ್ಟಿ ಇರುವಂಥದ್ದು), ಅದಕ್ಕೆ ಪ್ಯಾರಲೆಲ್ ಆಗಿ 100 ಪಿಎಫ್. ಎಲ್ಲವೂ ಬ್ರೆಡ್‌ಬೋರ್ಡ್ ಮೇಲೆ. ಲೆಕ್ಕದಲ್ಲಿ 7.34 ಮೆಗಾಹರ್ಟ್ಸ್ ಬರಬೇಕು, 10ಎಕ್ಸ್ ಪ್ರೋಬ್ ಇಟ್ಟು ಸ್ಕೋಪಿನಲ್ಲಿ ನೋಡಿದರೆ ಪೀಕ್ 6.6ರಲ್ಲಿದೆ. ಔಟ್‌ಪುಟ್‌ಗೆ 50 ಓಮ್ ಲೋಡ್ ಹಾಕಿದ ಕೂಡಲೇ ಪೀಕ್ ಮಾಯ. ಬೇಸ್ ಕಡೆಗೂ ಅಂಥದ್ದೇ ಟ್ಯಾಂಕ್ (ಕಾಯಿಲ್-ಕೆಪಾಸಿಟರ್ ಜೋಡಿ) ಹಾಕಿದರೆ ಸಿಗ್ನಲ್ ಕೊಡದೆಯೇ ತಾನಾಗಿ ಆಸಿಲೇಟ್ ಆಗುತ್ತದೆ.

ಕೈಯಿಂದ ಕಟ್ಟುತ್ತಾ ಕಲಿಯಬೇಕೆಂದರೆ ಯಾವುದರಿಂದ ಶುರು ಮಾಡಬೇಕು? ನ್ಯಾನೊವಿಎನ್ಎ (ಇಂಪೀಡೆನ್ಸ್ ಅಳೆಯುವ ಪುಟ್ಟ ಉಪಕರಣ) ಕೊಳ್ಳಲೇಬೇಕೇ? ಇಂಪೀಡೆನ್ಸ್ ಗುರುತಿಸುವ ವೃತ್ತಾಕಾರದ ನಕ್ಷೆಯಾದ ಸ್ಮಿತ್ ಚಾರ್ಟನ್ನು ಪೇಪರ್ ಮೇಲೆ ಬಿಡಿಸುವ ಅಗತ್ಯ ಈಗಲೂ ಇದೆಯೇ?

ತಾಮ್ರದ_ಹಾಳೆ

ಲೆಕ್ಕವೂ ಸರಿ, ಬೋರ್ಡೂ ಸರಿ. ಬೋರ್ಡಿನಲ್ಲಿರುವ ಸರ್ಕ್ಯೂಟ್ ಮಾತ್ರ ನೀವು ಲೆಕ್ಕ ಹಾಕಿದ್ದಲ್ಲ.

7.34 ಇದ್ದದ್ದು 6.6ಕ್ಕೆ ಇಳಿಯಲು ಸುಮಾರು 24 ಪಿಎಫ್ ಹೆಚ್ಚುವರಿ ಸಾಕು. ಅದನ್ನು ಹುಡುಕಿ: 10ಎಕ್ಸ್ ಪ್ರೋಬ್‌ನದೇ 10ರಿಂದ 15 ಪಿಎಫ್. ಟ್ರಾನ್ಸಿಸ್ಟರಿನ ಕಲೆಕ್ಟರ್-ಬೇಸ್ ನಡುವೆ 4 ಪಿಎಫ್‌ವರೆಗೆ. ಬ್ರೆಡ್‌ಬೋರ್ಡಿನ ಅಕ್ಕಪಕ್ಕದ ಎರಡು ಸಾಲುಗಳ ನಡುವೆ ಕೆಲವು ಪಿಎಫ್, ಕಲೆಕ್ಟರ್ ಸಾಲಿಗೆ ಎರಡೂ ಬದಿಯಲ್ಲಿ ನೆರೆ ಇರುತ್ತದೆ. ಚೋಕ್‌ನ ಸುತ್ತುಗಳ ನಡುವೆ ಇನ್ನೊಂದೆರಡು. ಲೆಕ್ಕ ಮುಗಿಯಿತು. 1ಎಕ್ಸ್‌ಗೆ ಸ್ವಿಚ್ ಮಾಡಿದರೆ ಸುಮಾರು 100 ಪಿಎಫ್ ಸೇರಿ ಪೀಕ್ 5 ಮೆಗಾಹರ್ಟ್ಸ್ ಹತ್ತಿರ ಬೀಳುತ್ತದೆ, ಮಾಡಿ ನೋಡಿ.

50 ಓಮ್ ವಿಷಯ: 7.34 ಮೆಗಾಹರ್ಟ್ಸ್‌ನಲ್ಲಿ ಆ ಚೋಕ್‌ನ ರಿಯಾಕ್ಟೆನ್ಸ್ 217 ಓಮ್. ಅದಕ್ಕೆ ಪ್ಯಾರಲೆಲ್ ಆಗಿ ನೇರ 50 ಓಮ್ ಕಟ್ಟಿದರೆ ಲೋಡೆಡ್ ಕ್ಯೂ (ಲೋಡ್ ಸೇರಿದ ಮೇಲೆ ರೆಸೊನೆನ್ಸ್ ಎಷ್ಟು ಚೂಪು ಎಂಬ ಅಳತೆ) 50 ಭಾಗಿಸು 217, ಅಂದರೆ 0.23. ಅಲ್ಲಿ ರೆಸೊನೆನ್ಸ್ ಎಂಬುದೇ ಉಳಿದಿಲ್ಲ. ಲೋಡನ್ನು ಕಾಯಿಲ್‌ನ ಟ್ಯಾಪ್‌ನಿಂದಲೋ, ಕೆಲವೇ ಸುತ್ತಿನ ಸೆಕೆಂಡರಿಯಿಂದಲೋ ತೆಗೆಯಬೇಕು. ಪುಸ್ತಕದಲ್ಲಿ ಟ್ಯಾಪ್ಡ್ ಕೆಪಾಸಿಟರ್ ಭಾಗ ಬರುವುದೇ ಇದಕ್ಕಾಗಿ, ಎಲ್ಲರೂ ಹಾರಿಸುವುದೂ ಅದನ್ನೇ.

ಆಸಿಲೇಷನ್‌ಗೆ ಕಾರಣ ಅದೇ 4 ಪಿಎಫ್. ಎರಡೂ ಕಡೆ ಒಂದೇ ಫ್ರೀಕ್ವೆನ್ಸಿಗೆ ಟ್ಯೂನ್ ಮಾಡಿ ನಡುವೆ ಅಷ್ಟು ಫೀಡ್‌ಬ್ಯಾಕ್ ಇಟ್ಟರೆ ಅದು ಆಸಿಲೇಟರ್ ಸರ್ಕ್ಯೂಟೇ.

ಬ್ರೆಡ್‌ಬೋರ್ಡ್ ಬಿಡಿ. ಒಂದು ಬದಿ ತಾಮ್ರವಿರುವ ಬೋರ್ಡ್ ತೆಗೆದುಕೊಂಡು ಇಡೀ ತಾಮ್ರವನ್ನೇ ಗ್ರೌಂಡ್ ಮಾಡಿ. ಅದೇ ಬೋರ್ಡಿನಿಂದ 6 ಮಿಮೀ ಚೌಕದ ತುಂಡು ಕತ್ತರಿಸಿ, ಗ್ರೌಂಡ್ ಬಾರದ ಜಾಗಗಳಲ್ಲಿ ಫೆವಿಕ್ವಿಕ್ ಹಾಕಿ ಅಂಟಿಸಿ ಪ್ಯಾಡ್ ಮಾಡಿಕೊಳ್ಳಿ. 1.6 ಮಿಮೀ ದಪ್ಪದ ಎಫ್‌ಆರ್4 ಆದರೆ ಒಂದು ಪ್ಯಾಡ್‌ನಿಂದ ಗ್ರೌಂಡ್‌ಗೆ 0.9 ಪಿಎಫ್ ಮಾತ್ರ, ಅದೂ ಪ್ರತಿ ಸಲ ಅಷ್ಟೇ. ಗ್ರೌಂಡ್‌ಗೆ ಹೋಗುವ ಕಾಲನ್ನು ಮೋಟು ಮಾಡಿ ನೇರ ತಾಮ್ರಕ್ಕೆ ಬೆಸುಗೆ ಹಾಕಿ. ತಂತಿಯ ಪ್ರತಿ ಮಿಲಿಮೀಟರಿಗೆ ಹೆಚ್ಚುಕಡಿಮೆ 1 ನ್ಯಾನೋಹೆನ್ರಿ ಎಂದು ಹಿಡಿಯಿರಿ. ಎರಡು ಕಾಲೂ ಸೇರಿ 10 ಮಿಮೀ ಬಿಟ್ಟ 1000 ಪಿಎಫ್ ಕೆಪಾಸಿಟರ್ 50 ಮೆಗಾಹರ್ಟ್ಸ್‌ನಲ್ಲೇ ಸೀರೀಸ್ ರೆಸೊನೆನ್ಸ್‌ಗೆ ಬರುತ್ತದೆ, ಅದರಾಚೆ ಅದು ಇಂಡಕ್ಟರ್. ನಿಮ್ಮ 7 ಮೆಗಾಹರ್ಟ್ಸ್‌ಗೆ ತೊಂದರೆಯಿಲ್ಲ, ಎಫ್‌ಎಂ ಬ್ಯಾಂಡಿಗೆ ಹೋದಾಗ ಪೆಟ್ಟು ಕೊಡುತ್ತದೆ.

ಕೆಂಪು_ಟೊರಾಯ್ಡ್

ಮೇಲಿನದಕ್ಕೆ ಒಪ್ಪಿಗೆ. ಆದರೆ ಟ್ಯೂನ್ಡ್ ಆಂಪ್ಲಿಫೈಯರ್ ಮೊದಲ ಪ್ರಾಜೆಕ್ಟ್ ಆಗಬಾರದು. ಟ್ರಾನ್ಸಿಸ್ಟರ್ ಇಲ್ಲದ, ಐದೇ ಬಿಡಿಭಾಗದ ಒಂದು ಎಲ್-ಮ್ಯಾಚ್ (ಕಾಯಿಲ್, ಕೆಪಾಸಿಟರ್‌ನಿಂದ ಎರಡು ಇಂಪೀಡೆನ್ಸ್ ಹೊಂದಿಸುವ ಸರ್ಕ್ಯೂಟ್) ಕಟ್ಟಿ. ನ್ಯಾನೊವಿಎನ್ಎ ಕೊಳ್ಳಲೇಬೇಕು ಎಂದೇ ನನ್ನ ಅಭಿಪ್ರಾಯ. ಸ್ಕೋಪ್ ಇಲ್ಲದೆ ಆರ್‌ಎಫ್ ಕಲಿಯಬಹುದು, ಇಂಪೀಡೆನ್ಸ್ ಅಳೆಯದೆ ಕಲಿಯುವುದು ಕಷ್ಟ.

7 ಮೆಗಾಹರ್ಟ್ಸ್‌ನಲ್ಲಿ 50 ಓಮ್‌ನಿಂದ 200 ಓಮ್‌ಗೆ: ಕ್ಯೂ ಎಂದರೆ (200/50 − 1)ರ ವರ್ಗಮೂಲ, 1.73. ಸೀರೀಸ್ ರಿಯಾಕ್ಟೆನ್ಸ್ 1.73 × 50 = 86.6 ಓಮ್, ಅಂದರೆ 1.97 ಮೈಕ್ರೋಹೆನ್ರಿ. ಶಂಟ್ (ಗ್ರೌಂಡ್‌ಗೆ ಹಾಕುವ ಭಾಗದ) ರಿಯಾಕ್ಟೆನ್ಸ್ 200 / 1.73 = 115.5 ಓಮ್, ಅಂದರೆ 197 ಪಿಎಫ್. 180 ಮತ್ತು 18 ಪಿಎಫ್ ಪ್ಯಾರಲೆಲ್ ಹಾಕಿದರೆ 198.

ಕಾಯಿಲ್‌ಗೆ ಟಿ50-2 ಕೋರ್. ಅದರ ಎಎಲ್ (ಕೋರ್‌ನ ಇಂಡಕ್ಟೆನ್ಸ್ ಅಂಕಿ) 100 ಸುತ್ತಿಗೆ 49 ಮೈಕ್ರೋಹೆನ್ರಿ, ಇಂಡಕ್ಟೆನ್ಸ್ ಸುತ್ತಿನ ವರ್ಗದಂತೆ ಏರುವುದರಿಂದ ಆ ಲೆಕ್ಕದಲ್ಲಿ ಸರಿಯಾಗಿ 20 ಸುತ್ತು. 26 ಗೇಜ್ ಎನಾಮಲ್ ತಂತಿ 40 ಸೆಂಮೀ ಸಾಕು. ರಂಧ್ರದೊಳಗೆ ತಂತಿ ಹಾಯ್ದಷ್ಟು ಸಲ ಅಷ್ಟು ಸುತ್ತು; ಹೊರಗಿನಿಂದ ಎಣಿಸಿದರೆ ಒಂದು ತಪ್ಪುತ್ತದೆ. ಬಿಗಿಯಾಗಿ ಒತ್ತದೆ ಮುಕ್ಕಾಲು ಭಾಗ ಸುತ್ತಳತೆಗೆ ಹರಡಿ. ಸುತ್ತುಗಳನ್ನು ಒತ್ತಿದರೆ ಇಂಡಕ್ಟೆನ್ಸ್ ಏರುತ್ತದೆ, ಹರಡಿದರೆ ಇಳಿಯುತ್ತದೆ, ಕೊನೆಯ ಹೊಂದಾಣಿಕೆಗೆ ಇದೇ ಸಾಕು. ತುದಿಗಳ ಎನಾಮಲನ್ನು ಬ್ಲೇಡಿನಿಂದ ಸುತ್ತಲೂ ಕೆರೆದು, ಸೀಸ ತಾನಾಗಿ ಹರಿದು ತಂತಿಗೆ ಹತ್ತುವವರೆಗೆ ಕಾಯಿಸಿ.

ಕೋರ್ ಕೊಳ್ಳುವಾಗ ಎಚ್ಚರ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಬೇರೆಲ್ಲಾಗಲಿ, ಹಳೆಯ ಕಂಪ್ಯೂಟರ್ ಎಸ್‌ಎಂಪಿಎಸ್‌ನಿಂದ ಕಿತ್ತ ಹಳದಿ-ಬಿಳಿ ಕೋರ್ ಅಗ್ಗಕ್ಕೆ ಸಿಕ್ಕಿದರೆ ಅದು 26ನೇ ಮಿಶ್ರಣ. 7 ಮೆಗಾಹರ್ಟ್ಸ್‌ನಲ್ಲಿ ಅದರ ನಷ್ಟ ವಿಪರೀತ, ಬೇಡ. ಕೆಂಪು ಬಣ್ಣ ಬಳಿದ ನಕಲಿಗಳೂ ಇರುತ್ತವೆ. 10 ಸುತ್ತು ಸುತ್ತಿ ಅಳೆದರೆ 0.49 ಮೈಕ್ರೋಹೆನ್ರಿ ಆಸುಪಾಸು ಬರಬೇಕು. ಕೆಪಾಸಿಟರ್ ಎನ್‌ಪಿ0 (ಬಿಸಿಗೆ ಬೆಲೆ ಬದಲಾಗದ ಬಗೆ) ಆಗಿರಲಿ, ಡಿಸ್ಕ್ ಆದರೆ ತಲೆಯಲ್ಲಿ ಕಪ್ಪು ಗುರುತು ನೋಡಿ.

ಲೋಡಿಗೆ 100 ಓಮ್ ಎರಡು ಸೀರೀಸ್, ಮೆಟಲ್ ಫಿಲ್ಮ್. ವೈರ್‌ವೂಂಡ್ ಬೇಡ, ಅದೇ ಒಂದು ಕಾಯಿಲ್. ವಿಎನ್ಎಯನ್ನು 1ರಿಂದ 15 ಮೆಗಾಹರ್ಟ್ಸ್‌ಗೆ ಇಟ್ಟು, ಕೇಬಲ್‌ನ ತುದಿಯಲ್ಲಿ ಓಪನ್, ಶಾರ್ಟ್, ಲೋಡ್ ಕ್ಯಾಲಿಬ್ರೇಟ್ ಮಾಡಿ. ರೇಂಜ್ ಬದಲಿಸಿದರೆ ಮತ್ತೆ ಮಾಡಿ. 7ರಲ್ಲಿ ರಿಟರ್ನ್ ಲಾಸ್ (ವಾಪಸು ಬರುವ ಸಿಗ್ನಲ್ ಎಷ್ಟು ಕಡಿಮೆ ಎಂಬ ಅಳತೆ) 20 ಡಿಬಿ ದಾಟಬೇಕು. ಕಾಯಿಲ್ ಶೇ. 10 ತಪ್ಪಿದರೂ ಸುಮಾರು 21 ಡಿಬಿ ಬರುತ್ತದೆ, ಆದ್ದರಿಂದ 10 ಡಿಬಿ ಕಂಡರೆ ಬಿಡಿಭಾಗದ ಟಾಲರೆನ್ಸ್ ಮೇಲೆ ದೂರು ಹಾಕಬೇಡಿ, ಬೇರೇನೋ ಇದೆ.

ಎಸ್21 (ಮೊದಲ ಪೋರ್ಟಿನಿಂದ ಎರಡನೆಯದಕ್ಕೆ ದಾಟುವ ಸಿಗ್ನಲ್) ನೋಡುವ ಆಸೆಗೆ 200 ಓಮ್ ಬದಿಯನ್ನು ನೇರ ಎರಡನೇ ಪೋರ್ಟಿಗೆ ಕೊಡಬೇಡಿ, ಪೋರ್ಟ್ 50 ಓಮ್. ನಡುವೆ 150 ಓಮ್ ಸೀರೀಸ್ ಹಾಕಿ. ಆಗ 6 ಡಿಬಿ ನಷ್ಟ ಕಾಣುವುದು ಸಹಜ, ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಕಾಯಿಲ್‌ನ ತಪ್ಪು.

ಸ್ಮಿತ್ ಚಾರ್ಟ್: ಇದೊಂದನ್ನು ಪೇಪರ್ ಮೇಲೆ ಬಿಡಿಸಿ, ಮುಂದಿನವು ಸಾಫ್ಟ್‌ವೇರಿನಲ್ಲಿ. 200 ಓಮ್ ಎಂದರೆ, 50ರಿಂದ ಭಾಗಿಸಿ, 4ರ ಬಿಂದು. ಶಂಟ್ ಕೆಪಾಸಿಟರ್ ಅದನ್ನು 0.25 ಕಂಡಕ್ಟೆನ್ಸ್ ವೃತ್ತದ ಮೇಲೆ ಕೆಳಗೆ ಎಳೆದು 1 − ಜೆ1.73ಕ್ಕೆ ತರುತ್ತದೆ, ಸೀರೀಸ್ ಇಂಡಕ್ಟರ್ ಅಲ್ಲಿಂದ ನೇರ ಕೇಂದ್ರಕ್ಕೆ ಒಯ್ಯುತ್ತದೆ. ಆ 1.73 ಮೊದಲು ಕಂಡ ಕ್ಯೂ ತಾನೇ!

ಐವತ್ತು_ಓಮ್

ಆಂಪ್ಲಿಫೈಯರ್ ಕಟ್ಟುವ ದಿನ ಬಂದಾಗ ಟ್ಯಾಂಕ್ ಬಿಟ್ಟು ಬ್ರಾಡ್‌ಬ್ಯಾಂಡ್ ಮಾಡಿ. ಅದೇ 2ಎನ್3904, ಬೇಸ್‌ಗೆ 10ಕೆ ಮತ್ತು 2.2ಕೆ ಡಿವೈಡರ್, ಎಮಿಟರ್‌ನಲ್ಲಿ 10 ಓಮ್ ಮತ್ತು 150 ಓಮ್ ಸೀರೀಸ್, 150ಕ್ಕೆ ಮಾತ್ರ 100 ನ್ಯಾನೋಫ್ಯಾರಡ್ ಬೈಪಾಸ್. ಕರೆಂಟ್ 8 ಮಿಲಿಆಂಪ್ ಹತ್ತಿರ ನಿಲ್ಲುತ್ತದೆ. ಕಲೆಕ್ಟರ್‌ನಲ್ಲಿ ಎಫ್‌ಟಿ37-43 ಫೆರೈಟ್ ಕೋರ್ ಮೇಲೆ ಜೋಡಿ ತಂತಿಯ 10 ಸುತ್ತು, 200ರಿಂದ 50 ಓಮ್‌ಗೆ 4:1 ಟ್ರಾನ್ಸ್‌ಫಾರ್ಮರ್. ಗೇನ್ 20 ಡಿಬಿ ಆಸುಪಾಸು. ಬಿಸಿ547 ಹಾಕುವುದಾದರೆ ಕಾಲುಗಳ ಕ್ರಮ ತಿರುವುಮುರುವು, ನೋಡಿಕೊಳ್ಳಿ.

ಪುಸ್ತಕದ ಡಿಸಿ ಉದಾಹರಣೆಯ ಬೀಟಾ (ಕರೆಂಟ್ ಗೇನ್) 150, 200 ಇಲ್ಲಿ ನಡೆಯದು. ಟ್ರಾನ್ಸಿಸ್ಟರಿನ ಎಫ್‌ಟಿ (ಬೀಟಾ 1ಕ್ಕೆ ಇಳಿಯುವ ಫ್ರೀಕ್ವೆನ್ಸಿ) 300 ಮೆಗಾಹರ್ಟ್ಸ್ ಆದರೆ 7 ಮೆಗಾಹರ್ಟ್ಸ್‌ನಲ್ಲಿ ಬೀಟಾ ಸುಮಾರು 43 ಅಷ್ಟೇ. ಇನ್‌ಪುಟ್ ಇಂಪೀಡೆನ್ಸ್ ಲೆಕ್ಕಕ್ಕೆ ಇದನ್ನೇ ಹಿಡಿಯಬೇಕು.

ಬೇಸ್ ಕಾಲಿಗೆ ಅಂಟಿಕೊಂಡಂತೆ 22 ಓಮ್ ಇರಲಿ. ಸಪ್ಲೈಗೆ 47 ಓಮ್ ಸೀರೀಸ್, ಅದಾದ ಮೇಲೆ 100 ನ್ಯಾನೋಫ್ಯಾರಡ್ ಮತ್ತು 10 ಮೈಕ್ರೋಫ್ಯಾರಡ್ ಗ್ರೌಂಡ್‌ಗೆ. ನೂರಿನ್ನೂರು ಮೆಗಾಹರ್ಟ್ಸ್‌ನಲ್ಲಿ ಆಸಿಲೇಟ್ ಆಗುತ್ತಿದ್ದರೆ ಸಣ್ಣ ಸ್ಕೋಪ್ ತೋರಿಸದೆಯೂ ಇರಬಹುದು. ಹೀಗೆ ಹಿಡಿಯಿರಿ: ಮಲ್ಟಿಮೀಟರ್ ಪ್ರೋಬ್‌ನ ತುದಿಗೆ 10ಕೆ ಕಟ್ಟಿ ಎಮಿಟರ್‌ನ ಡಿಸಿ ವೋಲ್ಟೇಜ್ ನೋಡುತ್ತಾ ಬೇಸ್ ಹತ್ತಿರ ಬೆರಳು ತನ್ನಿ. ಓದಿಕೆ ಜಿಗಿದರೆ ಒಳಗೆ ಆಸಿಲೇಷನ್ ಇದೆ.

ಅಳೆಯುವಾಗ ವಿಎನ್ಎ ಔಟ್‌ಪುಟ್ ಸುಮಾರು ಮೈನಸ್ 10 ಡಿಬಿಎಂ, ಅದನ್ನು ನೇರ ಕೊಟ್ಟರೆ ಆಂಪ್ಲಿಫೈಯರ್ ಕ್ಲಿಪ್ ಆಗಿ ಸುಳ್ಳು ಗೇನ್ ಕಾಣುತ್ತದೆ. ಇನ್‌ಪುಟ್ ಕಡೆ 20 ಡಿಬಿ ಪೈ ಅಟೆನ್ಯುಯೇಟರ್ ಇರಲಿ: ಎರಡು ಬದಿಗೆ 62 ಓಮ್, ನಡುವೆ 240. ಮುಂದೆ ಆಸಿಲೇಟರ್, ಪವರ್ ಸ್ಟೇಜ್ ಕಟ್ಟಿದರೆ ಡಮ್ಮಿ ಲೋಡ್‌ಗೆ ಮಾತ್ರ ಕೊಡಿ, ಹವ್ಯಾಸಿ ಪರವಾನಗಿ ಇಲ್ಲದೆ ಆಂಟೆನಾ ಕಟ್ಟುವಂತಿಲ್ಲ.

ಟ್ಯಾಂಕ್_ಸರ್ಕ್ಯೂಟ್

ಎಲ್ಲರಿಗೂ ಧನ್ಯವಾದ. ಎಲ್-ಮ್ಯಾಚ್ ತಾಮ್ರದ ಮೇಲೆ ಕಟ್ಟಿದೆ. ಕಾಯಿಲ್ ಬಿಡಿಯಾಗಿ ಅಳೆದರೆ 2.0 ಮೈಕ್ರೋಹೆನ್ರಿ. ಆದರೆ 7 ಮೆಗಾಹರ್ಟ್ಸ್‌ನಲ್ಲಿ ರಿಟರ್ನ್ ಲಾಸ್ 3.3 ಡಿಬಿ, 1 ಮೆಗಾಹರ್ಟ್ಸ್‌ನಲ್ಲಿ 4.4. ಡಿಪ್ ಎಲ್ಲೂ ಇಲ್ಲ.

ಕೆಂಪು_ಟೊರಾಯ್ಡ್

1 ಮೆಗಾಹರ್ಟ್ಸ್‌ನ 4.4 ಸರಿಯಾದ ಅಂಕಿ. ಅಲ್ಲಿ ಕಾಯಿಲ್, ಕೆಪಾಸಿಟರ್ ಎರಡೂ ಹೆಚ್ಚೇನೂ ಮಾಡುವುದಿಲ್ಲ, ವಿಎನ್ಎಗೆ ಬರೀ 200 ಓಮ್ ಕಾಣುತ್ತದೆ. ಅಂದರೆ ಬೆಸುಗೆ, ಲೋಡ್, ಕ್ಯಾಲಿಬ್ರೇಷನ್ ಮೂರೂ ಚೆನ್ನಾಗಿವೆ. ಎನಾಮಲ್ ಬಿಡದೆ ಕಾಯಿಲ್ ಓಪನ್ ಆಗಿದ್ದರೆ 0 ಡಿಬಿ ಹತ್ತಿರ ಇರುತ್ತಿತ್ತು.

7ರಲ್ಲಿ 3.3 ಬರುವುದು ಇದೇ ಬಿಡಿಭಾಗಗಳಲ್ಲಿ ಕೆಪಾಸಿಟರ್ 50 ಓಮ್ ಬದಿಗೆ, ಅಂದರೆ ವಿಎನ್ಎ ಕಡೆಗೆ ಕೂತಾಗ. ಶಂಟ್ ಭಾಗ ಯಾವತ್ತೂ ಹೆಚ್ಚು ರೆಸಿಸ್ಟೆನ್ಸ್ ಇರುವ ಬದಿಗೆ. ಕೆಪಾಸಿಟರ್‌ನ ಗ್ರೌಂಡ್ ಅಲ್ಲದ ತುದಿಯನ್ನು 200 ಓಮ್ ಪ್ಯಾಡಿಗೆ ಸರಿಸಿ ಮತ್ತೆ ಸ್ವೀಪ್ ಮಾಡಿ. ಡಿಪ್ 7ಕ್ಕಿಂತ ಸ್ವಲ್ಪ ಕೆಳಗೆ ಬಂದರೆ ಸುತ್ತುಗಳನ್ನು ಇನ್ನಷ್ಟು ಹರಡಿ.