‘ಮಂದಿ ಏನಂತಾರ?’: ‘ಸಂಸ್ಕಾರ’ ಓದಿದ ಮೇಲೆ

ಸಾಧನಕೇರಿ: ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ (1965) ಮತ್ತೆ ಓದಿ ಮುಗಿಸಿದೆ. ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಹೆಣ ಸುಡುವವರೆಗೆ ಯಾರೂ ಊಟ ಮಾಡುವ ಹಾಗಿಲ್ಲ. ಆದರೆ ಸುಡೋದು ಯಾರು? ಆತ ಹೆಂಡ ಕುಡಿದವ, ಮಾಂಸ ತಿಂದವ. ಅವನ ಜೊತೆಗಿದ್ದ ಚಂದ್ರಿ ಸಂಸ್ಕಾರದ ಖರ್ಚಿಗೆ ಅಂತ ತನ್ನ ಬಂಗಾರ ಬಿಚ್ಚಿಟ್ಟಾಗ ಎಲ್ಲರ ಮನಸ್ಸೂ ಅಲ್ಲಾಡುತ್ತದೆ. ಆದರೂ ಅಗ್ರಹಾರದವರಲ್ಲಿ ಕೊನೆಗೆ ಒಬ್ಬನೂ ಸುಡುವುದಿಲ್ಲ. ಇವರು ಅಂಜಿದ್ದು ಧರ್ಮಕ್ಕಾ, ಪಕ್ಕದ ಮನೆಯವರಿಗಾ? ನನಗಂತೂ ನಮ್ಮ ಧಾರವಾಡದ ಓಣಿಯ ‘ಮಂದಿ ಏನಂತಾರ’ ಅನ್ನೋ ಮಾತೇ ಕೇಳಿಸಿತು.

ಗದಗಿನ ಮಾಸ್ತರ: ನಾನು ಒಪ್ಪಲ್ಲ. ಅಗ್ರಹಾರದ ದೊಡ್ಡ ಪಂಡಿತ ಪ್ರಾಣೇಶಾಚಾರ್ಯರು ದಾರಿ ಹುಡುಕಿ ಗ್ರಂಥ ತಿರುವಿ ಹಾಕುತ್ತಾರೆ, ಮಾರುತಿ ಗುಡಿಯಲ್ಲಿ ಕಾಯುತ್ತಾರೆ. ಅದು ನಿಜವಾದ ಸಂಕಟ. ಅದನ್ನ ಮಂದಿಯ ಅಂಜಿಕೆ ಅಂದರೆ ಅನ್ಯಾಯ.

ಸಾಧನಕೇರಿ: ಆಚಾರ್ಯರ ಮಟ್ಟಿಗೆ ಒಪ್ಪಿದೆ ಮಾಸ್ತರ್ರ. ಉಳಿದವರು? ಅದೇ ಅಗ್ರಹಾರದ ದಾಸಾಚಾರ್ಯ ಹಸಿವು ತಾಳಲಾರದೆ ಪಕ್ಕದೂರು ಪಾರಿಜಾತಪುರಕ್ಕೆ ಹೋಗಿ ಮಂಜಯ್ಯನ ಮನೆಯಲ್ಲಿ ತಿನ್ನುತ್ತಾನೆ. ಅವನ ಚಿಂತೆ ಒಂದೇ, ಯಾರಿಗೂ ಗೊತ್ತಾಗಬಾರದು.

ಹಾವೇರಿಯಾಕಿ: ಆ ಪುಟ ಓದುವಾಗ ನನಗೆ ಕಸಿವಿಸಿ ಆಯಿತು. ಬೆಂಗಳೂರಿಗೆ ಕೆಲಸಕ್ಕೆ ಬಂದ ಹೊಸದರಲ್ಲಿ ನಾನೂ ಹಂಗೇ ಇದ್ದೆ. ಆಫೀಸಿನಲ್ಲಿ ‘ಬರ್ತಾ ಇದೀನಿ’. ಅವ್ವನ ಫೋನ್ ಬಂದರೆ ಮೆಟ್ಟಿಲ ಹತ್ತಿರ ಹೋಗಿ, ದನಿ ತಗ್ಗಿಸಿ ‘ಹೂಂ ಬೇ, ಉಣ್ಣಾಕತ್ತೇನಿ’. ಖಡಕ್ ರೊಟ್ಟಿ ಮುರಿದರೆ ಸಪ್ಪಳ ಆಗುತ್ತೆ ಅಂತ ಡಬ್ಬಿಗೆ ಚಪಾತಿ ಹಾಕಿಕೊಳ್ಳುತ್ತಿದ್ದೆ. ಯಾರೂ ಏನೂ ಬೇಡ ಅಂದಿರಲಿಲ್ಲ. ಒಂದು ಸಲ ‘ಯಾಕ್ರೀ’ ಅಂದಾಗ ಇಬ್ಬರು ಮುಖ ನೋಡಿಕೊಂಡು ನಕ್ಕಿದ್ದರು. ಅಷ್ಟು ಸಾಕಾಯಿತು.

ಗದಗಿನ ಮಾಸ್ತರ: ತಂಗಿ, ನಿನ್ನ ಮಾತು ನಾಟಿತು. ಆದರೆ ಎರಡೂ ಒಂದೇ ತೂಕ ಅಲ್ಲ. ಜಾತಿಯಿಂದ ಹೊರಗೆ ಹಾಕಿದರೆ ಮಗಳ ಮದುವೆ, ಸತ್ತಾಗ ಹೆಗಲು ಕೊಡೋದು, ಎಲ್ಲ ನಿಲ್ಲುತ್ತಿತ್ತು.

ಹಾವೇರಿಯಾಕಿ: ಒಂದೇ ತೂಕ ಅಂತ ನಾನೂ ಅನ್ನಲ್ಲ. ಆದರೆ ನಾರಣಪ್ಪನನ್ನ ಹೊರಗೆ ಹಾಕಲೇ ಇಲ್ಲ ಅಲ್ವಾ? ಹಾಕಿದರೆ ಮುಸಲ್ಮಾನನಾಗ್ತೀನಿ ಅಂದ, ಎಲ್ಲರೂ ಸುಮ್ಮನಾದರು. ಒಬ್ಬ ಅಂಜದೆ ನಿಂತ, ಅಷ್ಟು ದೊಡ್ಡ ಕಟ್ಟಳೆ ಅಲ್ಲಿಗೇ ನಿಂತಿತು.

ಶಿಗ್ಗಾವಿ ರಸ್ತೆ: ಅಂಜದೆ ನಿಂತವರು ನಮ್ಮ ಕಡೆಯೇ ಇದ್ದರಲ್ಲ. ಕಳಸದ ಗೋವಿಂದಭಟ್ಟರು ಬ್ರಾಹ್ಮಣರು, ಮುಸಲ್ಮಾನರ ಮನೆಯ ಶಿಶುನಾಳ ಶರೀಫರನ್ನು (1819–1889) ಶಿಷ್ಯನಾಗಿ ಮಾಡಿಕೊಂಡರು. ಎರಡೂ ಕಡೆಯ ಮಂದಿ ಬೈದರು ಅಂತ ಹಿರಿಯರು ಇವತ್ತಿಗೂ ಹೇಳುತ್ತಾರೆ. ಇಬ್ಬರೂ ಕೈ ಬಿಡಲಿಲ್ಲ. ಈಗ ಶರೀಫರ ಗದ್ದುಗೆಗೆ ಎರಡೂ ಕಡೆಯವರು ಬರುತ್ತಾರೆ.

ಗದಗಿನ ಮಾಸ್ತರ: ಬದುಕಿದ್ದಾಗ ಬೈದು, ಸತ್ತ ಮೇಲೆ ಕೈ ಮುಗಿದರೆ ಏನು ಬಂತು? ಅದೇ ನನ್ನ ಸಂಕಟ.

ಸಾಧನಕೇರಿ: ಆದರೆ ಬೈಸಿಕೊಳ್ಳುವಾಗ ಅವರಿಬ್ಬರೂ ಒಂಟಿ ಇರಲಿಲ್ಲ ಮಾಸ್ತರ್ರ. ಗುರುವಿಗೆ ಶಿಷ್ಯ ಇದ್ದ, ಶಿಷ್ಯನಿಗೆ ಗುರು ಇದ್ದರು. ‘ಸಂಸ್ಕಾರ’ದಲ್ಲೂ ಕೊನೆಗೆ ಹೆಣ ಸುಟ್ಟಿದ್ದು ಚಂದ್ರಿ, ಒಬ್ಬ ಮುಸಲ್ಮಾನ ಮೀನು ವ್ಯಾಪಾರಿಯ ನೆರವಿನಿಂದ, ರಾತ್ರೋರಾತ್ರಿ. ಜೊತೆಗೆ ಒಬ್ಬರಿದ್ದರೆ ಮಂದಿಯ ಬಾಯಿಗೆ ಅಂಜೋದು ಎಷ್ಟೋ ಕಡಿಮೆಯಾಗುತ್ತೆ.

ಹಾವೇರಿಯಾಕಿ: ಇದು ನಿಜ ಅಣ್ಣಾರ. ಹೋದ ವಾರ ಧೈರ್ಯ ಮಾಡಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ದಿದ್ದೆ. ಪಕ್ಕದ ಮೇಜಿನ ಹುಡುಗ ಮೆಲ್ಲಗೆ ಬಂದು ‘ಅಕ್ಕಾರ, ಒಂದು ತುಂಡು ಕೊಡ್ರಿ, ನಂದು ರೋಣ’ ಅಂದ. ಎರಡು ವರ್ಷ ಜೊತೆಗೆ ಕೆಲಸ ಮಾಡಿದ್ದೇವೆ. ಅವನು ನಮ್ಮ ಕಡೆಯವ ಅಂತಲೇ ನನಗೆ ಗೊತ್ತಿರಲಿಲ್ಲ.